ಠುಸ್ಸೆಂದ ಪಟಾಕಿ: ‘ಡ್ಯಾಂಪ್ ಸ್ಕ್ವಿಬ್’ ಎಂದರೆ ಬೈಗುಳವೇ?

ಪ್ರಶ್ನೆ: ನಾನು ತೀರ್ಥಹಳ್ಳಿ ತಾಲ್ಲೂಕಿನ ಅಡಿಕೆ ಬೆಳೆಗಾರ, ನಮ್ಮ ಭಾಗದ ಬೆಳೆಗಾರರ ಸಂಘವೊಂದರ ಕಾರ್ಯದರ್ಶಿ. ಎಲೆಚುಕ್ಕಿ ರೋಗಕ್ಕೆ ಪರಿಹಾರ ಕೇಳಲು ತಾಲ್ಲೂಕು ಕಚೇರಿಯ ಎದುರು ಸಮಾವೇಶ ಕರೆದಿದ್ದೆವು. ‘ಬೃಹತ್ ಸಮಾವೇಶ, ಐದು ಸಾವಿರ ರೈತರು’ ಎಂದು ಪೋಸ್ಟರ್ ಕೂಡ ಹಾಕಿಸಿದ್ದೆವು. ಅಂದು ಬೆಳಗಿನಿಂದಲೇ ಮಳೆ ಹಿಡಿಯಿತು. ಜನ ಬಂದದ್ದು ಕಡಿಮೆ. ಆದರೂ ಸಭೆ ನಡೆಯಿತು, ಮನವಿ ಕೊಟ್ಟೆವು, ತೋಟಗಳ ಸಮೀಕ್ಷೆ ಮಾಡಿಸುವುದಾಗಿ ಅಧಿಕಾರಿಗಳು ಒಪ್ಪಿದರು. ಮರುದಿನ ಇಂಗ್ಲಿಷ್ ಪತ್ರಿಕೆಯೊಂದು ನಮ್ಮ ಸಮಾವೇಶವನ್ನು ‘ಡ್ಯಾಂಪ್ ಸ್ಕ್ವಿಬ್’ ಎಂದು ತಲೆಬರಹದಲ್ಲೇ ಬರೆಯಿತು. ಮಳೆಯಲ್ಲಿ ತೊಯ್ದ ಸಭೆ ಎಂದು ನಾನು ಅಂದುಕೊಂಡೆ. ಕಾಲೇಜಿಗೆ ಹೋಗುವ ಮಗಳು ಅದು ‘ಸ್ಕ್ವಿಡ್’ ಇರಬೇಕು, ಅಚ್ಚಿನ ತಪ್ಪು ಎಂದಳು. ಸಂಘದ ಹಿರಿಯರೊಬ್ಬರು ಇದು ಬೈಗುಳ, ಸುಮ್ಮನೆ ಬಿಡಬಾರದು ಎನ್ನುತ್ತಿದ್ದಾರೆ. ಇದರ ಸರಿಯಾದ ಅರ್ಥವೇನು? ಎಲ್ಲಿ ಬಳಸಬೇಕು, ಎಲ್ಲಿ ಬಳಸಬಾರದು? ಸಂಪಾದಕರಿಗೆ ಇಂಗ್ಲಿಷಿನಲ್ಲೇ ಉತ್ತರ ಬರೆಯಬೇಕೆಂದಿದ್ದೇನೆ, ಏನೆಂದು ಬರೆಯಲಿ?

ಉತ್ತರ: ಬೈಗುಳವಲ್ಲ, ಹಿರಿಯರಿಗೆ ಸಮಾಧಾನ ಹೇಳಿ. ಆದರೆ ನಿಮಗೆ ನೋವಾಗಿರುವುದು ಸಹಜವೇ. ಈ ನುಡಿಗಟ್ಟಿನಲ್ಲಿ ಒಂದು ತೀರ್ಪು ಅಡಗಿದೆ, ಆ ತೀರ್ಪು ನಿಮ್ಮ ಸಭೆಗೆ ಅರ್ಧ ಮಾತ್ರ ಸಲ್ಲುತ್ತದೆ ಎಂಬುದು ನನ್ನ ಅಭಿಪ್ರಾಯ. ಯಾವ ಅರ್ಧ ಎಂಬುದನ್ನು ಆಮೇಲೆ ಹೇಳುತ್ತೇನೆ.

‘ಸ್ಕ್ವಿಬ್’ ಎಂದರೆ ಸಣ್ಣ ಪಟಾಕಿ. ‘ಡ್ಯಾಂಪ್’ ಎಂದರೆ ತೇವ ಹಿಡಿದದ್ದು, ಥಂಡಿ ಹೊಡೆದದ್ದು. ಢಂ ಎನ್ನುತ್ತದೆಂದು ಎಲ್ಲರೂ ಕಿವಿ ಮುಚ್ಚಿಕೊಂಡು ಕಾದಿರುವಾಗ ಠುಸ್ಸೆಂದು ಸುಮ್ಮನಾಗುವ ಪಟಾಕಿ ಅದು. ಬಹಳ ನಿರೀಕ್ಷೆ ಹುಟ್ಟಿಸಿ, ಆ ನಿರೀಕ್ಷೆಗೆ ತಕ್ಕಂತೆ ನಡೆಯದೆ ಹೋದ ಸಮಾರಂಭ, ಚಳವಳಿ, ಪಂದ್ಯ, ಘೋಷಣೆ ಯಾವುದನ್ನಾದರೂ ಇಂಗ್ಲಿಷಿನಲ್ಲಿ ಹೀಗೆ ಕರೆಯುತ್ತಾರೆ. ಮಳೆಗೂ ಇದಕ್ಕೂ ಸಂಬಂಧವಿಲ್ಲ. ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲಿ ನಡೆದ ಸಭೆಯೂ ಡ್ಯಾಂಪ್ ಸ್ಕ್ವಿಬ್ ಆಗಬಹುದು. ನಿಮ್ಮ ಸಭೆಯ ದಿನ ಮಳೆಯೂ ಬಂದಿದ್ದರಿಂದ ತಲೆಬರಹ ಬರೆದವರಿಗೆ ಆ ಪದ ಕೈಗೆ ಸುಲಭವಾಗಿ ಸಿಕ್ಕಿರಬೇಕು. ಶ್ಲೇಷೆ ಸಿಕ್ಕಿದರೆ ಉಪಸಂಪಾದಕರು ಬಿಡುವುದಿಲ್ಲ. ಮಳೆಯಿಂದ ಕಾರ್ಯಕ್ರಮವೇ ನಿಂತುಹೋಗಿದ್ದರೆ ಅದಕ್ಕೆ ಬೇರೆ ಪದವಿದೆ, ‘ವಾಷ್ಔಟ್’. ನವುಲೆಯ ಕ್ರೀಡಾಂಗಣದಲ್ಲಿ ಒಂದು ಎಸೆತವನ್ನೂ ಹಾಕಲಾಗದೆ ಪಂದ್ಯ ರದ್ದಾದರೆ ಅದು ವಾಷ್ಔಟ್. ಎರಡು ದೊಡ್ಡ ತಂಡಗಳ ಹಣಾಹಣಿ ಎಂದು ಜನ ಕಿಕ್ಕಿರಿದು ಬಂದು, ಒಂದು ತಂಡ ಊಟದ ಹೊತ್ತಿಗೆಲ್ಲ ಆಲೌಟ್ ಆಗಿ ಆಟ ಸಪ್ಪೆಯಾದರೆ ಅದು ಡ್ಯಾಂಪ್ ಸ್ಕ್ವಿಬ್.

ಈ ಪಟಾಕಿಯ ಸ್ವಭಾವ ತಿಳಿದರೆ ನುಡಿಗಟ್ಟಿನ ಅರ್ಧ ಬಳಕೆ ತಾನಾಗಿಯೇ ಬರುತ್ತದೆ. ಸ್ಕ್ವಿಬ್ ಒಂದು ಪುಟ್ಟ ಕೊಳವೆ. ಬೆಂಕಿ ತಾಗಿಸಿದೊಡನೆ ಸುಯ್ಯೆಂದು ಕಿಡಿ ಕಾರುತ್ತದೆ, ಕೊನೆಯಲ್ಲಿ ಒಮ್ಮೆ ಸಿಡಿಯುತ್ತದೆ. ಮೊದಲಿನ ಸುಯ್ ಎನ್ನುವುದು ಕೊನೆಯ ಸಿಡಿತದ ಮುನ್ಸೂಚನೆ. ಇಂಗ್ಲಿಷಿನಲ್ಲಿ ಈ ಪದ 16ನೇ ಶತಮಾನದಿಂದ ಇದೆ. ನಮ್ಮ ಠುಸ್, ಢಂಗಳ ಹಾಗೆ ಸದ್ದಿನ ಅನುಕರಣೆಯಿಂದ ಹುಟ್ಟಿರಬಹುದು ಎಂದು ನಿಘಂಟುಗಳು ಹೇಳುತ್ತವೆ. ಯಾರನ್ನಾದರೂ ಚುಚ್ಚುವ ಕಿರುಬರಹಕ್ಕೂ ಅದೇ ಹೆಸರಿದೆ. ಹಸಿ ಪಟಾಕಿಯ ಅನುಭವಕ್ಕಂತೂ ಇಂಗ್ಲೆಂಡಿನಲ್ಲಿ ಬರವಿರಲಿಲ್ಲ. 1605ರ ನವೆಂಬರ್ 5ರಂದು ಸಂಸತ್ ಭವನದ ಕೆಳಗೆ 36 ಪೀಪಾಯಿ ಮದ್ದು ಇಟ್ಟು ರಾಜ ಒಂದನೇ ಜೇಮ್ಸನನ್ನೂ ಸಂಸತ್ತನ್ನೂ ಒಟ್ಟಿಗೆ ಉಡಾಯಿಸುವ ಸಂಚು ಬಯಲಾಯಿತು. ಮದ್ದಿನ ಕಾವಲಿಗಿದ್ದ ಗೈ ಫಾಕ್ಸ್ ಸಿಕ್ಕಿಬಿದ್ದ. ರಾಜ ಉಳಿದ ನೆನಪಿಗೆ ಪ್ರತಿವರ್ಷ ಆ ದಿನ ಕೃತಜ್ಞತಾ ಪ್ರಾರ್ಥನೆ ನಡೆಯಬೇಕೆಂದು ಕಾನೂನೇ ಬಂತು, ಅದು 1859ರವರೆಗೆ ಜಾರಿಯಲ್ಲಿತ್ತು. ಕಾನೂನು ಹೋದರೂ ಅಂದು ರಾತ್ರಿ ಬೆಂಕಿ ಹಾಕಿ ಪಟಾಕಿ ಸುಡುವ ರೂಢಿ ಇಂದಿಗೂ ಉಳಿದಿದೆ. ನವೆಂಬರ್ ಎಂದರೆ ಅಲ್ಲಿ ಚಳಿ, ಮಂಜು, ಜಿಟಿಜಿಟಿ ಮಳೆಯ ಕಾಲ. ಸಿಡಿಯದ ಪಟಾಕಿಯನ್ನು ಕಾಣದ ಮಕ್ಕಳು ಆ ದೇಶದಲ್ಲಿ ಇದ್ದಿರಲಾರರು. 19ನೇ ಶತಮಾನದಲ್ಲಿ ಈ ಮಾತು ಉಪಮೆಯಾಗಿ ಪತ್ರಿಕೆಗಳಲ್ಲಿ ಬಳಕೆಗೆ ಬಂತು.

ಮಲೆನಾಡಿನವರಿಗೆ ಇದನ್ನು ವಿವರಿಸುವ ಕಷ್ಟವೇ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ. ದೀಪಾವಳಿಯ ಹೊತ್ತಿಗೂ ಗೋಡೆಯ ಥಂಡಿ ಆರಿರುವುದಿಲ್ಲ, ಹಿಂದಿನ ವರ್ಷ ಉಳಿದ ಪಟಾಕಿಯ ಪೊಟ್ಟಣ ಬಿಚ್ಚಿದರೆ ಕಾಗದ ಮೆತ್ತಗಾಗಿ ಬೆರಳಿಗೆ ಅಂಟುತ್ತದೆ. ಭತ್ತದ ಗದ್ದೆಗೆ ಹಂದಿ ನುಗ್ಗದಂತೆ, ತೋಟಕ್ಕೆ ಮಂಗ ಇಳಿಯದಂತೆ ಗರ್ನಾಲು ಹೊಡೆಯುವವರನ್ನು ಕೇಳಿ. ಬತ್ತಿ ಚೆನ್ನಾಗಿಯೇ ಉರಿಯುತ್ತದೆ, ಸುಯ್ಯೆನ್ನುತ್ತದೆ, ಒಳಗೆ ಹೋಗಿ ಆರುತ್ತದೆ. ಅಂಥ ಪಟಾಕಿಯನ್ನು ಸೀಳಿದರೆ ಬೂದಿಬಣ್ಣದ ಪುಡಿಯ ಬದಲು ಗಟ್ಟಿಯಾದ ಹೆಂಟೆ ಸಿಗುತ್ತದೆ, ಅದರ ಮೇಲೆ ಅಲ್ಲಲ್ಲಿ ಬಿಳಿಯ ಹರಳು. ಆ ಬಿಳಿಯ ಹರಳಿನಲ್ಲೇ ಗುಟ್ಟಿರುವುದು. ಹಳೆಯ ಕಾಲದ ಕರಿಮದ್ದಿನಲ್ಲಿ ನೂರಕ್ಕೆ 75 ಪಾಲು ಪೆಟ್ಲುಪ್ಪು, 15 ಪಾಲು ಇದ್ದಿಲು, 10 ಪಾಲು ಗಂಧಕ. ಇದ್ದಿಲು, ಗಂಧಕಗಳು ಉರಿಯಲು ಬೇಕಾದ ಆಮ್ಲಜನಕವನ್ನು ಒದಗಿಸುವುದು ಪೆಟ್ಲುಪ್ಪು. ಮೂರೂ ನುಣ್ಣಗೆ ಬೆರೆತು ಕಣಕ್ಕೆ ಕಣ ತಾಗಿಕೊಂಡಿದ್ದರೆ ಮಾತ್ರ ಬೆಂಕಿ ಒಮ್ಮೆಲೇ ಎಲ್ಲೆಡೆ ಹರಡುತ್ತದೆ. ನೀರು ತಾಗಿದರೆ ಪೆಟ್ಲುಪ್ಪು ಮಾತ್ರ ಕರಗುತ್ತದೆ, ಉಳಿದೆರಡು ಕರಗುವುದಿಲ್ಲ. ಮತ್ತೆ ಒಣಗುವಾಗ ಅದು ಬೇರೆಯಾಗಿ ಹರಳುಗಟ್ಟುತ್ತದೆ. ಸಾಮಗ್ರಿಯೆಲ್ಲ ಅಲ್ಲೇ ಇದ್ದರೂ ಬೆಸುಗೆ ತಪ್ಪಿರುತ್ತದೆ. ಬಿಸಿಲಿಗೆ ಹರಡಿದ ಮಾತ್ರಕ್ಕೆ ಹಸಿ ಪಟಾಕಿ ಮೊದಲಿನಂತೆ ಆಗದಿರುವುದು ಇದರಿಂದಲೇ. ಒಲೆಯ ಬಳಿ ಇಟ್ಟು ಒಣಗಿಸುವ ಕೆಲಸವನ್ನಂತೂ ಯಾರೂ ಮಾಡಬೇಡಿ, ಠುಸ್ಸೆಂದದ್ದರ ಮೇಲೆ ಬಾಗಿ ನೋಡಲೂ ಬೇಡಿ. ನುಡಿಗಟ್ಟಿನಲ್ಲಿ ಅಪಾಯವಿಲ್ಲ, ಪಟಾಕಿಯಲ್ಲಿದೆ.

ಬತ್ತಿ ಉರಿದದ್ದು ಎಲ್ಲರಿಗೂ ಕಾಣಬೇಕು, ಎಲ್ಲರೂ ಕಾದಿರಬೇಕು, ಆಮೇಲೆ ಸದ್ದು ಬರಬಾರದು. ಈ ಅನುಕ್ರಮ ಇಲ್ಲದ ಕಡೆ ಈ ಮಾತನ್ನು ಬಳಸುವಂತಿಲ್ಲ. ಶಿವಮೊಗ್ಗದ ಕಾಲೇಜುಗಳಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ವರ್ಷಗಳಲ್ಲಿ ನಾನು ಅತಿ ಹೆಚ್ಚು ತಿದ್ದಿದ್ದು ಇದನ್ನೇ. ವಿದ್ಯಾರ್ಥಿಗಳು ಎಲ್ಲ ಸೋಲಿಗೂ ಇದನ್ನು ಅಂಟಿಸುತ್ತಾರೆ. ಯಾರೂ ಏನನ್ನೂ ನಿರೀಕ್ಷಿಸದ ಅಂಗಡಿಯೊಂದು ಮುಚ್ಚಿಹೋದರೆ ಅದು ಡ್ಯಾಂಪ್ ಸ್ಕ್ವಿಬ್ ಅಲ್ಲ, ಬರೀ ನಷ್ಟ. ಕೊಳೆರೋಗ ಬಂದು ತೋಟ ಹಾಳಾದರೆ ಅದು ಅನಾಹುತ. ಅಲ್ಲಿ ಈ ಮಾತನ್ನಾಡಿದರೆ ಕ್ರೂರವಾಗುತ್ತದೆ. ಸಾವು, ಅಪಘಾತ, ಬೆಳೆಹಾನಿಗಳ ಹತ್ತಿರಕ್ಕೂ ಇದನ್ನು ತರಬಾರದು. ಅಸ್ತವ್ಯಸ್ತವಾಗಿ, ನಗೆಪಾಟಲಾಗಿ ಮುಗಿದದ್ದಕ್ಕೆ ‘ಫಿಯಾಸ್ಕೊ’ ಎಂಬ ಪದವಿದೆ: ವೇದಿಕೆ ಕುಸಿಯಿತು, ಅತಿಥಿಗಳು ಜಗಳವಾಡಿದರು ಎಂಬಂಥವು ಅದರ ಪಾಲಿಗೆ. ಡ್ಯಾಂಪ್ ಸ್ಕ್ವಿಬ್‌ನಲ್ಲಿ ಏನೂ ಕುಸಿಯುವುದಿಲ್ಲ, ಯಾರಿಗೂ ಪೆಟ್ಟಾಗುವುದಿಲ್ಲ. ಜನ ನಿರಾಶರಾಗಿ ಮನೆಗೆ ಹೋಗುತ್ತಾರೆ, ಅಷ್ಟೆ.

ಆಗುಂಬೆಯ ಸೂರ್ಯಾಸ್ತವನ್ನೇ ತೆಗೆದುಕೊಳ್ಳಿ. ದೂರದೂರದಿಂದ ಬಂದವರು ಘಟ್ಟದ ತುದಿಯ ಕಟ್ಟೆಯ ಮೇಲೆ ಸಾಲಾಗಿ ನಿಂತಿರುತ್ತಾರೆ. ಪಡುವಣದಲ್ಲಿ ಸಮುದ್ರದ ದಿಕ್ಕಿಗೆ ಮೊಬೈಲ್ ಹಿಡಿದು ಕಾಯುತ್ತಾರೆ. ಇನ್ನೇನು ಸೂರ್ಯ ಇಳಿಯಬೇಕು ಎನ್ನುವಾಗ ಕಣಿವೆಯಿಂದ ಮಂಜು ಏಳುತ್ತದೆ, ಸೂರ್ಯ ಎಲ್ಲಿ ಮುಳುಗಿದನೆಂದೇ ತಿಳಿಯುವುದಿಲ್ಲ. ಆ ಸಂಜೆಯನ್ನು ಡ್ಯಾಂಪ್ ಸ್ಕ್ವಿಬ್ ಎನ್ನಬಹುದು, ಏಕೆಂದರೆ ಕಾದದ್ದೂ ನಿಜ, ಕಾದ ಗಳಿಗೆಯೂ ನಿಗದಿಯಾಗಿತ್ತು. ಜೋಗದ ವಿಷಯ ಬೇರೆ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿ ಮುಗಿದ ಮೇಲೆ ಶರಾವತಿಯ ನೀರು ಮೇಲೆಯೇ ನಿಲ್ಲುತ್ತದೆ, ವಿದ್ಯುತ್ತಿಗೆ ಹೋಗುತ್ತದೆ. ಏಪ್ರಿಲ್ ತಿಂಗಳಲ್ಲಿ ಬಂದು ನೋಡಿದರೆ 253 ಮೀಟರ್ ಎತ್ತರದ ಬಂಡೆಯ ಮೇಲೆ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಸೊರಗಿ ಸಣ್ಣ ಎಳೆಗಳಾಗಿರುತ್ತವೆ. ಪ್ರವಾಸಿಗಳು ಮುಖ ಸಣ್ಣದು ಮಾಡಿಕೊಂಡು ‘ಜೋಗ್ ಡ್ಯಾಂಪ್ ಸ್ಕ್ವಿಬ್’ ಎಂದು ಬರೆದುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಬೇಸಿಗೆಯಲ್ಲಿ ಮೈದುಂಬಿ ಧುಮುಕುತ್ತೇನೆಂದು ಜೋಗ ಯಾರಿಗೂ ಮಾತು ಕೊಟ್ಟಿರಲಿಲ್ಲ. ಮಳೆಗಾಲದ ಚಿತ್ರ ನೋಡಿಕೊಂಡು ಬಂದದ್ದು ಇವರು. ಇಂಥ ದಿನ ಇಷ್ಟು ಹೊತ್ತಿಗೆ ನೀರು ಬಿಡುತ್ತೇವೆ, ಬನ್ನಿ ಎಂದು ಸಾರಿ, ಜನ ಸೇರಿದ ಮೇಲೆ ಒಂದಿಷ್ಟು ನೀರು ಬಿಟ್ಟು ಕೈತೊಳೆದುಕೊಂಡರೆ ಆಗ ಆ ಕಾರ್ಯಕ್ರಮ ಡ್ಯಾಂಪ್ ಸ್ಕ್ವಿಬ್. ಆಗಲೂ ಜಲಪಾತವಲ್ಲ.

ಹಾಗಾಗಿ ಈ ನುಡಿಗಟ್ಟನ್ನು ಕೈಗೆತ್ತಿಕೊಳ್ಳುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಸದ್ದಾಗುತ್ತದೆ ಎಂದು ಹೇಳಿದವರು ಯಾರು? ಹೇಳಿದವರು ಕಾರ್ಯಕ್ರಮ ಮಾಡಿದವರೇ ಆಗಿದ್ದರೆ ಮಾತು ಸಲ್ಲುತ್ತದೆ. ನೋಡುಗರು ತಾವೇ ಕಲ್ಪಿಸಿಕೊಂಡಿದ್ದರೆ ಸಲ್ಲುವುದಿಲ್ಲ. ಬರೆಯುವವರ ಜವಾಬ್ದಾರಿ ಇರುವುದು ಇಲ್ಲಿಯೇ, ಹೆಚ್ಚಿನವರು ಜಾರುವುದೂ ಇಲ್ಲಿಯೇ.

ಈಗ ನಿಮ್ಮ ಸಭೆಗೆ ಬರೋಣ. ಬೇಸರ ಮಾಡಿಕೊಳ್ಳಬೇಡಿ, ‘ಬೃಹತ್’ ಎಂದು ಪೋಸ್ಟರಿನಲ್ಲಿ ಹಾಕಿದವರು ನೀವೇ. ಐದು ಸಾವಿರ ಎಂಬ ಲೆಕ್ಕ ಕೊಟ್ಟವರೂ ನೀವೇ. ನಮ್ಮಲ್ಲಿ ಯಾವ ಸಮಾವೇಶವೂ ಬೃಹತ್ ಆಗದೆ ಪೋಸ್ಟರ್ ಏರುವುದಿಲ್ಲ, ಯಾವ ಪ್ರತಿಭಟನೆಯೂ ಉಗ್ರವಾಗದೆ ಕರಪತ್ರಕ್ಕೆ ಬರುವುದಿಲ್ಲ. ಓದುವವರು ಆ ವಿಶೇಷಣಗಳನ್ನು ದಾಟಿಕೊಂಡು ದಿನಾಂಕ, ಸ್ಥಳ ಮಾತ್ರ ನೋಡಿಕೊಳ್ಳುತ್ತಾರೆ. ಹೊರಗಿನ ವರದಿಗಾರ ಅದನ್ನು ಮಾತು ಎಂದೇ ಹಿಡಿದ. ಐದು ಸಾವಿರ ಎಂದರು, ಐದು ಸಾವಿರ ಬರಲಿಲ್ಲ. ಜನ ಸೇರಿದ ಮಟ್ಟಿಗೆ ಆ ತಲೆಬರಹ ನ್ಯಾಯವಾದದ್ದೇ.

ಆದರೆ ಸಮಾವೇಶ ನಡೆಸಿದ್ದು ಜನರನ್ನು ಎಣಿಸುವುದಕ್ಕಲ್ಲವಲ್ಲ. ನೀವು ಬೇಡಿಕೆ ಇಟ್ಟಿರಿ, ಮನವಿ ಸಲ್ಲಿಸಿದಿರಿ, ಸಮೀಕ್ಷೆಗೆ ಒಪ್ಪಿಗೆ ಪಡೆದಿರಿ. ಎಲೆಚುಕ್ಕಿ ತಗುಲಿದ ತೋಟ ಇಟ್ಟುಕೊಂಡವರಿಗೆ ಆ ಒಪ್ಪಿಗೆ ಸಣ್ಣದಲ್ಲ. ಹೆಡೆಯ ಸೋಗೆಗಳಲ್ಲಿ ಹಳದಿ ಅಂಚಿನ ಕಂದು ಚುಕ್ಕಿ ಹರಡಿ ಎಲೆ ಸುಟ್ಟಂತಾಗುವುದನ್ನು ದಿನವೂ ನೋಡುತ್ತಿರುವವರಿಗೆ ಅಧಿಕಾರಿಗಳು ತೋಟಕ್ಕೇ ಬರುತ್ತಾರೆ ಎಂಬುದು ದೊಡ್ಡ ಮಾತು. ಡ್ಯಾಂಪ್ ಸ್ಕ್ವಿಬ್ ಎಂಬ ಎರಡು ಪದ ಈ ವ್ಯತ್ಯಾಸವನ್ನು ನುಂಗಿಹಾಕುತ್ತದೆ. ಸಪ್ಪೆಯಾದದ್ದು ಏನು, ಜನಸಂದಣಿಯೋ, ಭಾಷಣಗಳೋ, ಬೇಡಿಕೆಯೋ ಎಂಬುದನ್ನು ಅದು ಹೇಳುವುದೇ ಇಲ್ಲ. ಇಂಥ ಕಡೆ ಕನ್ನಡ ಪತ್ರಿಕೆಗಳ ಸವೆದ ಮಾತೇ ಹೆಚ್ಚು ಪ್ರಾಮಾಣಿಕ: ‘ಬಂದ್‌ಗೆ ನೀರಸ ಪ್ರತಿಕ್ರಿಯೆ’. ನೀರಸವಾದದ್ದು ಪ್ರತಿಕ್ರಿಯೆ ಎಂದು ಅದು ಬೆರಳಿಟ್ಟು ತೋರಿಸುತ್ತದೆ, ಬೇಡಿಕೆಯನ್ನು ಮುಟ್ಟುವುದಿಲ್ಲ.

ಇನ್ನೊಂದು ಕೊರತೆಯೂ ಈ ಮಾತಿಗಿದೆ. ಅದು ಆ ದಿನವನ್ನಷ್ಟೇ ನೋಡುತ್ತದೆ. ಪಟಾಕಿಯ ಆಯುಸ್ಸು ಕೆಲವು ಕ್ಷಣ, ಆದ್ದರಿಂದ ಅದರ ತೀರ್ಪು ತಕ್ಷಣವೇ ಕೊಡಬಹುದು; ಚಳವಳಿಯ ತೀರ್ಪನ್ನು ಹಾಗೆ ಕೊಡಲಾಗದು. ಇದಕ್ಕೆ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. 1951ರಲ್ಲಿ ಸಾಗರದ ಬಳಿಯ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಗೇಣಿಯ ಭತ್ತ ಅಳೆಯುವ ಕೊಳಗದ ಗಾತ್ರವೇ ಅಲ್ಲಿನ ತಕರಾರಿನ ಮುಖ್ಯ ಕಾರಣಗಳಲ್ಲಿ ಒಂದು. ಎಚ್. ಗಣಪತಿಯಪ್ಪ ಸಂಘಟಿಸಿದರು, ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಆ ವರ್ಷದ ಕೊನೆಗೆ ಲೆಕ್ಕ ಹಾಕಿದ್ದರೆ ಗೇಣಿದಾರರ ಕೈಗೆ ಭೂಮಿ ಬಂದಿರಲಿಲ್ಲ, ಜೈಲು ಕಂಡವರ ಪಟ್ಟಿ ಮಾತ್ರ ಉದ್ದವಾಗಿತ್ತು. ತಲೆಬರಹ ಬರೆಯುವವರಿಗೆ ಅಂದು ಈ ಇಂಗ್ಲಿಷ್ ಮಾತು ಸುಲಭವಾಗಿಯೇ ಒದಗುತ್ತಿತ್ತು. ಆದರೆ ಉಳುವವನೇ ಹೊಲದೊಡೆಯ ಎಂಬ ಕೂಗು ಅಲ್ಲಿಗೆ ಆರಲಿಲ್ಲ. ದೇವರಾಜ ಅರಸರ ಕಾಲದಲ್ಲಿ, 1974ರಲ್ಲಿ, ಭೂಸುಧಾರಣಾ ಕಾಯ್ದೆಯ ತಿದ್ದುಪಡಿ ಜಾರಿಗೆ ಬಂದು ಗೇಣಿದಾರರು ಒಡೆತನದ ಅರ್ಜಿ ಹಾಕುವಂತಾಯಿತು. ಆ ಕಾನೂನಿನ ಇತಿಹಾಸ ಬರೆಯುವವರು ಕಾಗೋಡನ್ನು ಬಿಟ್ಟು ಬರೆಯಲಾರರು. ಹೀಗಿರುವಾಗ ರೈತರ ಒಂದು ಸಭೆಯ ಮರುದಿನವೇ ಈ ಮುದ್ರೆ ಒತ್ತುವುದನ್ನು ನಾನಂತೂ ಆತುರ ಎನ್ನುತ್ತೇನೆ.

ನಿರೀಕ್ಷೆ ಹುಸಿಯಾಯಿತು ಎನ್ನಲು ಇಂಗ್ಲಿಷಿನಲ್ಲಿ ಬೇರೆ ಮಾತುಗಳೂ ಇವೆ, ಅವು ಒಂದರ ಜಾಗದಲ್ಲಿ ಇನ್ನೊಂದು ಕೂರುವಂಥವಲ್ಲ. ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ‘ಫಾಲ್ ಶಾರ್ಟ್’. ಬಿಟ್ಟ ಬಾಣ ಗುರಿಯನ್ನು ಮುಟ್ಟದೆ ಇತ್ತಲಾಗಿಯೇ ಬೀಳುವ ಚಿತ್ರ ಅದರಲ್ಲಿದೆ. ಎಷ್ಟು ಬೇಕಿತ್ತು, ಎಷ್ಟು ಸಿಕ್ಕಿತು, ಎಷ್ಟು ಕಡಿಮೆಯಾಯಿತು ಎಂದು ಅಳೆಯಬಹುದಾದ ಕಡೆಗೆಲ್ಲ ಇದು ಸರಿ. ಈ ಸಲ ಮಂಡಿಗೆ ಬಂದ ಅಡಿಕೆ ಅಂದಾಜಿಗಿಂತ ಕಡಿಮೆ, ಸಂಘದ ಚಂದಾ ಗುರಿ ಮುಟ್ಟಲಿಲ್ಲ, ಜನ ಅಂದುಕೊಂಡಷ್ಟು ಬರಲಿಲ್ಲ ಎನ್ನುವಾಗ ‘ಫೆಲ್ ಶಾರ್ಟ್’ ಎಂದು ಬರೆದರೆ ಹಂಗಿಸಿದಂತೆಯೂ ಆಗುವುದಿಲ್ಲ, ಸುಳ್ಳೂ ಆಗುವುದಿಲ್ಲ. ವಾರ್ಷಿಕ ವರದಿ, ಬ್ಯಾಂಕಿನ ಪತ್ರ, ಸರ್ಕಾರಿ ಮನವಿಗಳಲ್ಲಿ ಇದನ್ನೇ ಬಳಸಿ. ಡ್ಯಾಂಪ್ ಸ್ಕ್ವಿಬ್ ಪತ್ರಿಕೆಯ, ಮಾತುಕತೆಯ ಮಟ್ಟದ್ದು. ಕಚೇರಿಯ ಕಡತಕ್ಕೆ ಒಗ್ಗುವುದಿಲ್ಲ.

ಮದ್ದಿನಿಂದಲೇ ಹುಟ್ಟಿದ ಇನ್ನೊಂದು ಮಾತು ‘ಫ್ಲ್ಯಾಷ್ ಇನ್ ದ ಪ್ಯಾನ್’. ಇದನ್ನೂ ಡ್ಯಾಂಪ್ ಸ್ಕ್ವಿಬ್ ಅನ್ನೂ ಕಲಸಿಬಿಡುವವರು ಬಹಳ. ಕೇಪಿನ ಕೋವಿ ಬರುವ ಮುಂಚೆ ಚಕಮಕಿ ಕೋವಿಗಳಿದ್ದವು. ಅವುಗಳ ಪಕ್ಕದಲ್ಲಿ ಒಂದು ಪುಟ್ಟ ತಟ್ಟೆ, ಅದರಲ್ಲಿ ಚಿಟಿಕೆ ಮದ್ದು. ಚಕಮಕಿಯ ಕಿಡಿ ಬಿದ್ದು ತಟ್ಟೆಯ ಮದ್ದು ಭಗ್ಗೆಂದು ಹೊತ್ತಿಕೊಳ್ಳುತ್ತಿತ್ತು, ಆ ಬೆಂಕಿ ಸಣ್ಣ ತೂತಿನ ಮೂಲಕ ನಳಿಕೆಯೊಳಗಿನ ಮದ್ದಿಗೆ ತಲುಪಿದರೆ ಗುಂಡು ಹಾರುತ್ತಿತ್ತು. ಕೆಲವೊಮ್ಮೆ ತಟ್ಟೆಯಲ್ಲಿ ಮಿಂಚು ಮಾತ್ರ ಕಾಣುತ್ತಿತ್ತು, ಗುಂಡು ಹಾರುತ್ತಿರಲಿಲ್ಲ. ಇಂದು ಈ ಮಾತಿಗೆ ಒಮ್ಮೆ ಮಿಂಚಿ ಮತ್ತೆ ಕಾಣದ ಯಶಸ್ಸು ಎಂಬ ಅರ್ಥ. ಮೊದಲ ಪಂದ್ಯದಲ್ಲಿ ಶತಕ ಹೊಡೆದು ಆಮೇಲೆ ಹೆಸರೇ ಕೇಳದ ಆಟಗಾರನಿಗೆ ಅದು ಹೊಂದುತ್ತದೆ. ಅಂದರೆ ಅಲ್ಲಿ ಬೆಳಕು ನಿಜವಾಗಿಯೂ ಕಂಡಿರುತ್ತದೆ. ಡ್ಯಾಂಪ್ ಸ್ಕ್ವಿಬ್‌ನಲ್ಲಿ ಕಂಡದ್ದು ಬತ್ತಿಯ ಹೊಗೆ ಮಾತ್ರ.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ನಗೆಹನಿಗೆ ಯಾರೂ ನಗದಿದ್ದರೆ, ಭಾಷಣ ಸಭಿಕರನ್ನು ತಟ್ಟದಿದ್ದರೆ ‘ಫಾಲ್ ಫ್ಲ್ಯಾಟ್’. ನಂಬಿದ ವ್ಯಕ್ತಿ ಕೈಕೊಟ್ಟರೆ ‘ಲೆಟ್ ಡೌನ್’. ಕೆಲಸದ ಗುಣಮಟ್ಟ ಸಾಲದು ಎನ್ನಲು ‘ನಾಟ್ ಅಪ್ ಟು ಸ್ಕ್ರ್ಯಾಚ್’. ಈ ಸ್ಕ್ರ್ಯಾಚ್ ಎಂದರೆ ನೆಲದ ಮೇಲೆ ಗೀಚಿದ ಗೆರೆ. ಬರಿಗೈ ಮುಷ್ಟಿಯುದ್ಧದ 1838ರ ಲಂಡನ್ ನಿಯಮಗಳ ಪ್ರಕಾರ ಬಿದ್ದವನಿಗೆ 30 ಸೆಕೆಂಡ್ ವಿಶ್ರಾಂತಿ, ಆಮೇಲೆ 8 ಸೆಕೆಂಡಿನೊಳಗೆ ಯಾರ ಆಸರೆಯೂ ಇಲ್ಲದೆ ಅಖಾಡದ ನಡುವಿನ ಗೆರೆಗೆ ಬಂದು ನಿಲ್ಲಬೇಕು, ಇಲ್ಲವಾದರೆ ಸೋತಂತೆ.

ಕನ್ನಡಕ್ಕೆ ತರುವಾಗ ‘ಠುಸ್ ಪಟಾಕಿ’ ಎಂದರೆ ಸಾಕು, ಹೆಚ್ಚುಕಡಿಮೆ ಇದ್ದದ್ದು ಇದ್ದಂತೆ ಬರುತ್ತದೆ. ‘ಬೆಟ್ಟ ಅಗೆದು ಇಲಿ ಹಿಡಿದಂತೆ’ ಎಂಬ ಗಾದೆಯನ್ನು ಹಲವರು ಇದಕ್ಕೆ ಸಾಟಿಯಾಗಿ ಕೊಡುತ್ತಾರೆ, ಆದರೆ ಆ ಗಾದೆಯ ಭಾರ ಬೀಳುವುದು ಪಟ್ಟ ಶ್ರಮದ ಮೇಲೆ. ಸದ್ದಿಲ್ಲದೆ ವರ್ಷಗಟ್ಟಲೆ ದುಡಿದು ಕಡಿಮೆ ಫಲ ಪಡೆದವರಿಗೂ ಅದು ಸಲ್ಲುತ್ತದೆ. ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬುದು ಕೊಚ್ಚಿಕೊಳ್ಳುವ ಮನುಷ್ಯನಿಗೆ. ಡ್ಯಾಂಪ್ ಸ್ಕ್ವಿಬ್ ಬಹುಮಟ್ಟಿಗೆ ಘಟನೆಗಳಿಗೆ ಬಳಸುವ ಮಾತು. ವ್ಯಕ್ತಿಗಳಿಗೆ ಬಳಸಿದವರು ಇಲ್ಲವೆಂದಲ್ಲ, ಆದರೆ ನೀವು ಬಳಸಬೇಡಿ; ಅದರಲ್ಲೂ ಪರೀಕ್ಷೆಯಲ್ಲಿ ಕಡಿಮೆ ಅಂಕ ಪಡೆದ ಮಕ್ಕಳ ಬಗ್ಗೆ ಈ ಮಾತನ್ನು ಯಾರ ಬಾಯಲ್ಲೂ ಕೇಳಲು ನನಗೆ ಇಷ್ಟವಿಲ್ಲ. ನಿರೀಕ್ಷೆಯನ್ನು ಹೊತ್ತಿಸಿದವರು ಅಪ್ಪ ಅಮ್ಮಂದಿರು, ಠುಸ್ಸೆಂದ ಹೆಸರು ಮಗುವಿಗೆ!

ವ್ಯಾಕರಣದ ವಿಷಯ ಸ್ವಲ್ಪವೇ ಇದೆ. ಇದು ನಾಮಪದ, ಮುಂದೆ ‘ಎ’ ಬೇಕೇ ಬೇಕು. ‘ಟರ್ನ್ಡ್ ಔಟ್ ಟು ಬಿ ಎ ಡ್ಯಾಂಪ್ ಸ್ಕ್ವಿಬ್’ ಅಥವಾ ‘ಪ್ರೂವ್ಡ್ ಎ ಡ್ಯಾಂಪ್ ಸ್ಕ್ವಿಬ್’ ಎನ್ನುವುದು ರೂಢಿ. ಮೊದಲು ಒಂದು ಬಗೆಯಾಗಿ ತೋರಿ ಕೊನೆಗೆ ಇನ್ನೊಂದಾಯಿತು ಎಂಬ ಅರ್ಥ ಆ ಕ್ರಿಯಾಪದಗಳಲ್ಲಿ ಇರುವುದರಿಂದ ಜೋಡಿ ಹೊಂದುತ್ತದೆ. ಇನ್ನೂ ನಡೆಯದ ಕಾರ್ಯಕ್ರಮವನ್ನು ಹೀಗೆ ಕರೆಯುವಂತಿಲ್ಲ, ಆದೀತು ಎಂದು ಊಹಿಸಬಹುದಷ್ಟೆ. ‘ವೆಟ್ ಸ್ಕ್ವಿಬ್’ ಎಂದು ಬದಲಿಸಲಾಗದು. ಬ್ರಿಟನ್, ಆಸ್ಟ್ರೇಲಿಯಾ ಮತ್ತು ನಮ್ಮ ದೇಶದ ಇಂಗ್ಲಿಷಿನಲ್ಲಿ ಇದು ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಬಳಕೆ ಕಡಿಮೆ. ಅಲ್ಲಿರುವ ನೆಂಟರಿಗೆ ಬರೆಯುವಾಗ ‘ಡಡ್’ ಎಂದರೆ ಬೇಗ ಅರ್ಥವಾಗುತ್ತದೆ.

ನಿಮ್ಮ ಮಗಳಿಗೆ ಹೇಳಿ, ಪತ್ರಿಕೆಯಲ್ಲಿ ಅಚ್ಚಿನ ತಪ್ಪಿಲ್ಲ. ಸ್ಕ್ವಿಡ್ ಎಂದರೆ ಕರಾವಳಿಯವರು ಬೊಂಡಾಸ್ ಎನ್ನುವ ಸಮುದ್ರಜೀವಿ. ಅದು ನೀರಿನಲ್ಲೇ ಇರುವುದರಿಂದ ಒದ್ದೆಯಾದ ಸ್ಕ್ವಿಡ್ ಎನ್ನುವುದರಲ್ಲಿ ಯಾವ ನಿರಾಶೆಯೂ ಇಲ್ಲ. ಆದರೆ ಅವಳೊಬ್ಬಳೇ ಹೀಗೆ ಅಂದುಕೊಂಡಿಲ್ಲ. ಇಂಗ್ಲೆಂಡಿನಲ್ಲೇ ಹುಟ್ಟಿ ಬೆಳೆದವರೂ ‘ಡ್ಯಾಂಪ್ ಸ್ಕ್ವಿಡ್’ ಎಂದುಬಿಡುತ್ತಾರೆ, ನಿಘಂಟುಕಾರರು ಅದನ್ನು ಪ್ರಸಿದ್ಧ ತಪ್ಪುಗಳ ಸಾಲಿನಲ್ಲಿ ದಾಖಲಿಸಿದ್ದಾರೆ. ಸ್ಕ್ವಿಬ್ ಎಂಬ ಪಟಾಕಿಯ ಹೆಸರು ಮರೆತುಹೋಗಿ, ನುಡಿಗಟ್ಟಿನಲ್ಲಿ ಮಾತ್ರ ಉಳಿದಿರುವುದೇ ಅದಕ್ಕೆ ಕಾರಣ.

ಇನ್ನು ಸಂಪಾದಕರಿಗೆ ಬರೆಯುವ ಪತ್ರ. ಮಾನನಷ್ಟದ ಮಾತು ಎತ್ತಬೇಡಿ. ರಾಜಕೀಯ ಪಕ್ಷಗಳ ಸಭೆಗಳಿಗೂ ಬಜೆಟ್ಟುಗಳಿಗೂ ದಿನನಿತ್ಯ ಬಳಸುವ ಪದ ಇದು. ಮಳೆಯನ್ನು ದೂರುವುದೂ ಬೇಡ, ಮಲೆನಾಡಿನವರು ಮಳೆಗೆ ಹೆದರಿ ಮನೆಯಲ್ಲಿ ಕುಳಿತರು ಎಂದರೆ ಓದುವವರು ನಂಬುವುದಿಲ್ಲ. ಜನ ಕಡಿಮೆ ಬಂದದ್ದನ್ನು ಮೊದಲ ಸಾಲಿನಲ್ಲೇ ಒಪ್ಪಿಕೊಳ್ಳಿ. ಹಾಗೆ ಒಪ್ಪಿಕೊಂಡರೆ ಎರಡನೆಯ ಸಾಲಿಗೆ ಬಲ ಬರುತ್ತದೆ. ನನ್ನನ್ನು ಕೇಳಿದರೆ ಹೀಗೆ ಬರೆಯಿರಿ: ‘ದ ಟರ್ನ್ಔಟ್ ಫೆಲ್ ಶಾರ್ಟ್ ಆಫ್ ಅವರ್ ಹೋಪ್ಸ್. ದ ಮೀಟಿಂಗ್ ಡಿಡ್ ನಾಟ್.’ ಬಂದ ಜನ ನಮ್ಮ ನಿರೀಕ್ಷೆಗಿಂತ ಕಡಿಮೆ, ಸಭೆಯ ಫಲ ಕಡಿಮೆಯಲ್ಲ ಎಂದು ಅದರ ತಾತ್ಪರ್ಯ. ಡ್ಯಾಂಪ್ ಸ್ಕ್ವಿಬ್ ಎಂಬ ಪದವನ್ನು ನಿಮ್ಮ ಪತ್ರದಲ್ಲಿ ಒಮ್ಮೆಯೂ ತರಬೇಡಿ. ನಿರಾಕರಿಸಲು ಬಳಸಿದರೂ ಓದುಗರ ನೆನಪಿನಲ್ಲಿ ಉಳಿಯುವುದು ಅದೇ. ಆಮೇಲೆ ಮನವಿಯ ಮುಖ್ಯ ಬೇಡಿಕೆ, ಅಧಿಕಾರಿಗಳು ಒಪ್ಪಿದ ಸಮೀಕ್ಷೆ, ಅದು ಆರಂಭವಾಗುವ ದಿನಾಂಕ ಹೇಳಿದ್ದರೆ ಆ ದಿನಾಂಕ, ಇಷ್ಟನ್ನು ಬರೆಯಿರಿ. ಮನವಿ ಸ್ವೀಕರಿಸಿದ್ದಕ್ಕೆ ಕಚೇರಿಯ ಮೊಹರು ಇರುವ ಪ್ರತಿ ನಿಮ್ಮ ಬಳಿ ಇದ್ದರೆ ಅದರ ನಕಲನ್ನು ಜೊತೆಗಿಡಿ. ಪತ್ರ ನೂರೈವತ್ತು ಪದ ಮೀರದಿರಲಿ, ಇದೇ ವಾರ ಕಳುಹಿಸಿ. ತಡವಾದರೆ ಮೂಲ ವರದಿಯನ್ನು ಓದುಗರು ಮರೆತಿರುತ್ತಾರೆ, ಸಂಪಾದಕರೂ ಪತ್ರವನ್ನು ಬದಿಗಿಡುತ್ತಾರೆ.